5 ತಾಸು ಮಲಗಿಯೂ 1000 ಕಿಲೋಮೀಟರ್: ಸೈಕಲ್ ರೇಸಿನ ನನ್ನ ಲೆಕ್ಕ

ರಾತ್ರಿ 5 ತಾಸು ಮಲಗುವವರು ಸೆಲ್ಫ್ ಸಪೋರ್ಟೆಡ್ ರೇಸ್ (ಹಿಂದೆ ಸಹಾಯದ ಗಾಡಿ ಇಲ್ಲದೆ ಎಲ್ಲ ತಾವೇ ನೋಡಿಕೊಳ್ಳುವ ರೇಸ್) ಮುಗಿಸೋದಿಲ್ಲ ಅಂತ ಹುಬ್ಬಳ್ಳಿ-ಧಾರವಾಡದ ರೈಡರುಗಳಲ್ಲಿ ಬಹಳ ಮಂದಿ ಅನ್ನುತ್ತಿದ್ದರು. ಅಷ್ಟು ಮಲಗಿಯೂ ನನ್ನ 1000 ಕಿ.ಮೀ. 4 ದಿನಕ್ಕೆ ಮುಗಿಯಿತು. ಈಗ ಅವರೇ ಲೆಕ್ಕದ ಹಾಳೆ ಕೇಳುತ್ತಾರೆ.

ದಿನಕ್ಕೆ 250 ಕಿ.ಮೀ. ಗಾಲಿ ತಿರುಗುವಾಗ 20ರ ವೇಗ ಇದ್ದರೆ ಹನ್ನೆರಡೂವರೆ ತಾಸು, ನಿದ್ದೆಗೆ 5. ಉಳಿದ ಆರೂವರೆ ತಾಸಿನಲ್ಲೇ ರೇಸ್ ಕೈತಪ್ಪುವುದು. ವೇಗ 22ಕ್ಕೆ ಏರಿಸಿದರೆ ಉಳಿತಾಯ ತಾಸಿನ ಮೇಲೆ ಸ್ವಲ್ಪ. ಗಾಳಿ ಸೀಳಲು ಬೇಕಾದ ಶಕ್ತಿ ಮಾತ್ರ ಸುಮಾರು ಮೂರನೇ ಒಂದು ಪಾಲು ಹೆಚ್ಚು. ಅದೇ, 15 ನಿಮಿಷದ 12 ನಿಲುಗಡೆಗಳನ್ನು 6ಕ್ಕೆ ಇಳಿಸಿದರೆ ಒಂದೂವರೆ ತಾಸು ಪುಕ್ಕಟೆ. ನೀರು, ಊಟ, ಚಾರ್ಜಿಂಗ್, ಚೈನ್ ಎಣ್ಣೆ ಎಲ್ಲ ಒಂದೇ ಕಡೆ ಮುಗಿಯಬೇಕು. ಚಹಾಕ್ಕಂತ ಬೇರೆ ನಿಲ್ಲುವಂತಿಲ್ಲ.

ಮಲಗುವುದು 10ಕ್ಕೆ, ಏಳುವುದು 3ಕ್ಕೆ. ಮೊದಲ ರಾತ್ರಿ ನಿದ್ದೆಗೆಟ್ಟು ತುಳಿದವರ ವೇಗ ಮರುದಿನ ಮಧ್ಯಾಹ್ನ 15ಕ್ಕೆ ಕುಸಿಯುತ್ತದೆ, ದಾರಿ ತಪ್ಪುವುದೂ ಆಗಲೇ. ನಸುಕಿನಲ್ಲಿ ತೂಕಡಿಕೆ ಬಂದರೆ ಕಾಫಿ ಕುಡಿದ ಕೂಡಲೇ 20 ನಿಮಿಷ ಮಲಗಿ. ಎಚ್ಚರಾಗುವ ಹೊತ್ತಿಗೆ ಕಾಫಿ ಕೆಲಸ ಶುರು ಮಾಡಿರುತ್ತದೆ. ಅದಕ್ಕಿಂತ ಬಹಳ ಹೊತ್ತು ಮಲಗಿದರೆ ತಲೆ ಇನ್ನಷ್ಟು ಭಾರ.

ಪರೀಕ್ಷೆಗೆ ಹುಬ್ಬಳ್ಳಿ-ಗದಗ-ಲಕ್ಷ್ಮೇಶ್ವರ-ಸವಣೂರು-ಹಾವೇರಿ-ಹುಬ್ಬಳ್ಳಿ ಸುತ್ತು ಸಾಕು, 220ರ ಆಸುಪಾಸು. ಮಳೆಗಾಲದಲ್ಲಿ ಇದನ್ನು ಉಲ್ಟಾ ದಿಕ್ಕಿನಲ್ಲಿ ತುಳಿಯಬೇಡಿ. ಗದಗ ಕಡೆಯ ಕಪ್ಪತಗುಡ್ಡದ ಸೀಮೆಯಲ್ಲಿ ಗಾಳಿಯಂತ್ರ ನೆಟ್ಟಿದ್ದು ಸುಮ್ಮನೆ ಅಲ್ಲ. ಗದಗದಿಂದ ಹುಬ್ಬಳ್ಳಿಗೆ ಬರುವಾಗ ಪಡುವಣ ಗಾಳಿ ಎದೆಗೇ ಹೊಡೆಯುತ್ತದೆ. ಅದೇ ದಿಕ್ಕು ಅನಿವಾರ್ಯವಾದರೆ ಬೆಳಗಿನ 8ರೊಳಗೆ ದಾಟಬೇಕು.

ದುಡ್ಡಿನ ಮಾತು. ಪ್ರವೇಶ ಶುಲ್ಕ ಬಿಟ್ಟು ಊಟಕ್ಕೆ ದಿನಕ್ಕೆ ಅಂದಾಜು 600, ಲಾಡ್ಜಿಗೆ 700, ಮುಟ್ಟದೆ ಇಡುವ ಗಂಟು 3000. ಆ ಗಂಟು ಟೈರ್ ಹರಿದರೆ, ಇಲ್ಲವೇ ರೇಸ್ ಬಿಟ್ಟು ಸೈಕಲ್ ಸಮೇತ ಊರಿಗೆ ಮರಳಬೇಕಾದರೆ. ಬಜೆಟ್ ಒಡೆಯುವುದು ಊಟದಲ್ಲಲ್ಲ, ಹೆದ್ದಾರಿಯ ಲಾಡ್ಜಿನಲ್ಲಿ: ರಾತ್ರಿ 11ರ ಮೇಲೆ ಹೋದರೆ ದರ ಅವರ ಬಾಯಿಗೆ ಬಂದದ್ದು, ಸೈಕಲ್ ಒಳಗೆ ಬಿಡಲು ಬೇರೆ ಚೌಕಾಶಿ. ಸಂಜೆ 6ಕ್ಕೇ ಫೋನ್ ಮಾಡಿ ಎರಡೂ ಮಾತಾಡಿಕೊಳ್ಳಿ. ಹಾವೇರಿಯಲ್ಲಿ ಬೀಗರ ಮನೆ ಇದ್ದರೂ ಖಾನಾವಳಿಗೇ ಹೋಗಬೇಕು. ಎಲ್ಲ ರೈಡರುಗಳಿಗೂ ಸಿಗದ ಸಹಾಯ ನಿಯಮಕ್ಕೆ ವಿರುದ್ಧ. ನೂರರ ನೋಟುಗಳಿರಲಿ, ನೆಟ್‌ವರ್ಕ್ ಇಲ್ಲದ ಹಳ್ಳಿ ಅಂಗಡಿಯಲ್ಲಿ ಫೋನ್‌ಪೇ ನಡೆಯೋದಿಲ್ಲ.

ತಿನಿಸಿನಲ್ಲೂ ಪ್ರಯೋಗ ನಡೆದಿವೆ. ಶೇಂಗಾ ಉಂಡಿ ಸಪಾಟು ರಸ್ತೆಗೆ ಒಳ್ಳೆಯದು. ಘಟ್ಟ ಹತ್ತುವಾಗ ಅದರ ಜಿಡ್ಡು ಬೇಗ ಕರಗದೆ ಹೊಟ್ಟೆ ಭಾರ, ಅಲ್ಲಿಗೆ ಬಾಳೆಹಣ್ಣು. ಪೇಡಾ ಬೇಸಿಗೆಯ ಬ್ಯಾಗಿನಲ್ಲಿ ಮೆತ್ತಗಾಗಿ ಕಾಗದಕ್ಕೆ ಅಂಟುತ್ತದೆ. ಉಪ್ಪು-ಸಕ್ಕರೆ ನೀರಿಗೆ ಬೆರೆಸುವ ಮೂರನೆಯ ವಸ್ತು ಯಾವುದು ಅಂತ ಸದ್ಯಕ್ಕೆ ಹೇಳೋದಿಲ್ಲ.

10000 ಎಂಎಎಚ್ ಪವರ್‌ಬ್ಯಾಂಕಿನಿಂದ ಫೋನಿಗೆ ದಕ್ಕುವುದು 6000 ಚಿಲ್ಲರೆ. ಲೈಟಿಗೆ ಬೇರೆಯದೇ ಇಡಿ.

ಇನ್ನೊಂದು, ಮಳೆ ಬಿದ್ದ ಮರುದಿನ ನವಲಗುಂದ ಕಡೆಯ ಎರೆ ಹಾದಿಗೆ ಇಳಿಯಬೇಡಿ. ಎರೆಮಣ್ಣು ಟೈರಿಗೂ ಫ್ರೇಮಿಗೂ ನಡುವೆ ಗಿಡಿದು ಗಾಲಿಯನ್ನೇ ಕಟ್ಟಿಹಾಕುತ್ತದೆ, 1 ಕಿ.ಮೀ. ಹೊತ್ತು ನಡೆಯುವುದಕ್ಕೆ ಅರ್ಧ ತಾಸು. ಡಾಂಬರಿನ ಮೇಲೆ 10 ಕಿ.ಮೀ. ಸುತ್ತಿ ಬಂದರೂ ಅಷ್ಟೇ ಹೊತ್ತು, ಗೇರ್ ಬದಲಿಸುವ ಡಿರೇಲರ್ ಉಳಿದದ್ದು ಲಾಭ.