ಆರು, ಏಳನೇ ತರಗತಿಯ ಪ್ರಾಜೆಕ್ಟ್: ಕಾಲಲ್ಲಿ ತುಳಿಯುವ ನಲ್ಲಿ

ಬಿಸಿಯೂಟಕ್ಕೆ ಮುಂಚೆ ಮಕ್ಕಳು ಸೋಪು ಹಾಕಿ ಕೈ ತೊಳೆಯಬೇಕೆಂದರೆ ನಲ್ಲಿಯನ್ನು ಅವರೇ ಕಟ್ಟಲಿ. ಆರಡಿ ಉದ್ದದ ಎರಡು ಕವಲುಗೋಲುಗಳನ್ನು ಒಂದೂವರೆ ಅಡಿ ಆಳಕ್ಕೆ ಹೂಳಿ, ಮೇಲೆ ಅಡ್ಡಬಿದಿರು ಇಡಿ. ಐದು ಲೀಟರಿನ ಕ್ಯಾನನ್ನು ಹಿಡಿಕೆಯಿಂದ ಅದಕ್ಕೆ ತೂಗುಹಾಕಿ. ಹಿಡಿಕೆಯ ಎದುರು ಬದಿಯಲ್ಲಿ, ಮುಚ್ಚಳದಿಂದ ಸುಮಾರು 12 ಸೆಂ.ಮೀ. ಕೆಳಗೆ, ಕಾಸಿದ ಸಣ್ಣ ಮೊಳೆಯಿಂದ ತೂತು ಮಾಡಿ; ಈ ಕೆಲಸ ಮಾತ್ರ ಶಿಕ್ಷಕರದು. ಕ್ಯಾನಿನ ಕತ್ತಿನಿಂದ ನೆಲದ ತುಳಿಗೋಲಿಗೆ ಹಗ್ಗ ಕಟ್ಟಿ. ತುಳಿದರೆ ಕ್ಯಾನ್ ಬಾಗಿ ನೀರು ಬರುತ್ತದೆ.

ತೂತಿಗಿಂತ ಮೇಲೆ ನೀರು ತುಂಬಿದರೆ ಸುಮ್ಮನೆ ಸೋರುತ್ತದೆ. ಧಾರೆ ತೊಟ್ಟಿಕ್ಕಿದರೆ ಮುಚ್ಚಳ ಸಡಿಲಿಸಿ, ಒಳಗೆ ಗಾಳಿ ಹೋಗಬೇಕು. ಕೆಳಗೆ ಗುಂಡಿ ತೋಡಿ ಜಲ್ಲಿ ತುಂಬಿ. ಇಲ್ಲವಾದರೆ ಕೆಸರು, ಸೊಳ್ಳೆ.

ಕೊಡಗಿನ ಮಳೆಗಾಲದಲ್ಲಿ ಬಯಲಲ್ಲಿ ಕಟ್ಟಬೇಡಿ, ಸೋಪು ಕರಗಿ ಹೋಗುತ್ತದೆ. ಸೂರಿನಡಿ ಕಟ್ಟಿ, ಸೋಪನ್ನು ಬಲೆಚೀಲದಲ್ಲಿಟ್ಟು ಮೇಲೆ ತೆಂಗಿನ ಚಿಪ್ಪು ಕವುಚಿ. ಜುಲೈ ಚಳಿಗೆ ಮಕ್ಕಳು ನೀರು ಮುಟ್ಟಿ ಓಡುತ್ತಾರೆ, ಪಾಪ. ಅಡುಗೆಮನೆಯ ಬಿಸಿನೀರು ಸ್ವಲ್ಪ ಬೆರೆಸಿ ಉಗುರುಬೆಚ್ಚಗೆ ಮಾಡಿ, 20 ಸೆಕೆಂಡು ಎಣಿಸಿ ಉಜ್ಜಲಿ.

ಕೈ ತೊಳೆದರೋ ಇಲ್ಲವೋ ಎಂದು ತಿಳಿಯಲು ಪಟ್ಟಿಯಲ್ಲಿ ಟಿಕ್ ಹಾಕಿಸುವುದನ್ನು ನಂಬಬೇಡಿ. ಶುಕ್ರವಾರಕ್ಕೊಮ್ಮೆ ಒಣಗಿದ ಸೋಪನ್ನು ತೂಗಿ, ಎಷ್ಟು ಗ್ರಾಂ ಸವೆದಿದೆ ಎಂದು ಮಕ್ಕಳೇ ನಕ್ಷೆ (ಗ್ರಾಫ್) ಬರೆಯಲಿ.