ಕಡಲ ಪಕ್ಕ ಕುದುರೆ ಕಟ್ಟಿಕೊಂಡು ರಾತ್ರಿ ಕಳೆಯುವುದು

ಕುದುರೆಗಳ ಜೊತೆ ಕ್ಯಾಂಪಿಂಗ್ ಹೋಗ್ತೀವಿ ಅಂದ ಕೂಡಲೇ ಎಲ್ಲರೂ ಕೇಳುವುದು ಸವಾರಿಯ ವಿಚಾರ. ಅಲೆಯಲ್ಲಿ ಓಡಿಸ್ತೀರಾ, ಸಂಜೆ ಬಿಸಿಲಲ್ಲಿ ಫೋಟೊ ತೆಗೀತೀರಾ ಅಂತ. ಸವಾರಿ ಹೆಚ್ಚೆಂದರೆ ದಿನಕ್ಕೆ ಎರಡು ಮೂರು ತಾಸು. ಮಿಕ್ಕ ಹೊತ್ತೆಲ್ಲ ಅರ್ಧ ಟನ್ ತೂಗುವ, ಪ್ಲಾಸ್ಟಿಕ್ ಚೀಲ ಹಾರಿದರೂ ಬೆಚ್ಚುವ, ತಿಂದದ್ದು ಕೆಟ್ಟರೆ ವಾಂತಿ ಮಾಡಲೂ ಬಾರದ ಒಂದು ಪ್ರಾಣಿಯ ಹೊಟ್ಟೆ ಕಾಯುವ ಕೆಲಸ. ಕಡಲ ದಂಡೆಯಲ್ಲಿ ಆ ಕೆಲಸ ಇಮ್ಮಡಿ, ಯಾಕೆಂದರೆ ಅಲ್ಲಿ ನೆಲವೆಂದರೆ ಮರಳು.

ನಾವಿರುವುದು ಅಮೆರಿಕದ ಆರೆಗನ್ ರಾಜ್ಯದ ಹಿಲ್ಸ್‌ಬರೊದಲ್ಲಿ. ಚಿಪ್ ಕಾರ್ಖಾನೆಗಳ ಊರು, ಕನ್ನಡದ ಮನೆಗಳಿಗೂ ಬರವಿಲ್ಲ. ಊರು ದಾಟಿ ಸ್ವಲ್ಪ ದೂರ ಹೋದರೆ ಹೊಲ, ಲಾಯ. ಕುದುರೆ ಹುಚ್ಚು ಮೊದಲು ಹಿಡಿದದ್ದು ಮಗಳಿಗೆ, ಆಮೇಲೆ ಅದು ನನಗೂ ಅಂಟಿತು. ಈಗ ಮೇಪಲ್ ಅನ್ನುವ ಕಂದು ಹೆಣ್ಣು ಕುದುರೆ ನಮ್ಮದು. ಜೊತೆಗೆ ಲಾಯದ ಒಡತಿ ಧಾರಾಳವಾಗಿ ಕೊಟ್ಟು ಕಳಿಸುವ ಹ್ಯಾಂಕ್, ಇಪ್ಪತ್ತು ದಾಟಿದ, ಯಾವುದಕ್ಕೂ ಜಗ್ಗದ ಮುದುಕ. ಹೊಸ ಕುದುರೆಯ ಜೊತೆ ಇಂಥ ಒಂದು ಹಳೆ ಕುದುರೆ ಇರಲೇಬೇಕು. ಎರಡೂ ಹೊಸವನ್ನೇ ಕಡಲಿಗೆ ಕರೆತರುವವರನ್ನು ಕಂಡರೆ ನನಗೆ ಎದೆ ಧಸಕ್ಕೆನ್ನುತ್ತದೆ.

ನಾವು ಹೋಗುವುದು ನಹೇಲಮ್ ಬೇ ಸ್ಟೇಟ್ ಪಾರ್ಕ್‌ಗೆ. ಒಂದು ಪಕ್ಕ ಪೆಸಿಫಿಕ್ ಸಾಗರ, ಇನ್ನೊಂದು ಪಕ್ಕ ನಹೇಲಮ್ ನದಿಯ ಕೊಲ್ಲಿ, ನಡುವೆ ಸುಮಾರು 4 ಮೈಲಿ ಉದ್ದದ ಮರಳಿನ ಪಟ್ಟಿ. ಅದರ ಮೇಲೆ ಗಾಳಿಗೆ ಸೊಟ್ಟಗಾದ ಶೋರ್ ಪೈನ್ ಮರಗಳು, ಸಲಾಲ್ ಪೊದೆಗಳು. ಉತ್ತರಕ್ಕೆ ಸಿಟ್ಕಾ ಸ್ಪ್ರೂಸ್ ಕಾಡು ಹೊದ್ದ ನೀಆಕಾನಿ ಬೆಟ್ಟ, 1,600 ಅಡಿಗೂ ಮಿಗಿಲು, ಸಮುದ್ರದಿಂದಲೇ ನೆಟ್ಟಗೆ ಎದ್ದದ್ದು. ಕುದುರೆಯವರಿಗೆಂದೇ ಇಲ್ಲಿ ಬೇರೆ ಕ್ಯಾಂಪ್ ಇದೆ. ಟೆಂಟ್ ಜಾಗದ ಪಕ್ಕದಲ್ಲೇ ಕೊರಲ್, ಅಂದರೆ ಕುದುರೆಯನ್ನು ಕೂಡಿಹಾಕುವ ಸಣ್ಣ ಬೇಲಿಯಂಗಳ. ಕರೆಂಟ್ ಇಲ್ಲ. ಬೇಸಿಗೆಯ ವಾರಾಂತ್ಯಕ್ಕೆ ತಿಂಗಳುಗಟ್ಟಲೆ ಮುಂಚೆಯೇ ಕಾಯ್ದಿರಿಸಬೇಕು.

ಈ ದಂಡೆ ಯಾರದೋ ಖಾಸಗಿ ಬೇಲಿಯೊಳಗೆ ಸೇರಿಹೋಗದೆ ಉಳಿದದ್ದರ ಹಿಂದೆಯೂ ಒಂದು ಕುದುರೆ ಸವಾರಿ ಇದೆ. ಗವರ್ನರ್ ಆಸ್ವಾಲ್ಡ್ ವೆಸ್ಟ್ 1913ರಲ್ಲಿ ರಾಜ್ಯದ ಒದ್ದೆಮರಳಿನ ದಂಡೆಯನ್ನು ಸಾರ್ವಜನಿಕ ಹೆದ್ದಾರಿ ಎಂದು ಕಾನೂನು ಮಾಡಿಸಿದರು. ಕ್ಯಾನನ್ ಬೀಚ್ ಕಡೆಯಿಂದ ಕುದುರೆ ಏರಿ, ನೀಆಕಾನಿ ಹತ್ತಿಳಿದು ನಹೇಲಮ್‌ಗೆ ಬಂದ ಸವಾರಿಯಲ್ಲಿ ಆ ಯೋಚನೆ ಹೊಳೆಯಿತೆಂದು ಅವರೇ ಹೇಳಿಕೊಂಡಿದ್ದರು. 1967ರ ಬೀಚ್ ಬಿಲ್ ಒಣಮರಳಿನ ಮೇಲೂ ಜನರ ಹಕ್ಕನ್ನು ಗಟ್ಟಿ ಮಾಡಿತು.

ಆದರೆ ಮನೆಯಿಂದ ನೇರ ಕಡಲಿಗೆ ಹೋಗಲು ನಾನು ಒಪ್ಪುವುದಿಲ್ಲ. ಮೊದಲು ಕಾಡು. ಟಿಲಮುಕ್ ಸ್ಟೇಟ್ ಫಾರೆಸ್ಟ್‌ನ ರೀಹರ್ಸ್ ಕ್ಯಾಂಪ್‌ನಲ್ಲಿ ಕುದುರೆಗಳಿಗೆ ಕೊರಲ್‌ಗಳಿವೆ, ಮನೆಗೆ ಹತ್ತಿರ, ಏನಾದರೂ ಆದರೆ ಬೇಗ ವಾಪಸಾಗಬಹುದು. 1933ರಿಂದ ಶುರುವಾಗಿ 1951ರವರೆಗೆ ಮತ್ತೆ ಮತ್ತೆ ಸುಟ್ಟ ಕಾಡಿನ ಸೀಮೆ ಅದು, ಈಗಿರುವ ಮರಗಳಲ್ಲಿ ಬಹುಪಾಲು ಆಮೇಲೆ ನೆಟ್ಟವು. ಅಪರಿಚಿತ ಜಾಗದಲ್ಲಿ ಕುದುರೆ ರಾತ್ರಿ ಮಲಗುತ್ತದೋ, ನೀರು ಕುಡಿಯುತ್ತದೋ, ಪಕ್ಕದ ಕೊರಲ್‌ನ ಕುದುರೆಯನ್ನು ಕಂಡು ಬೇಲಿ ಒದೆಯುತ್ತದೋ, ಎಲ್ಲ ಅಲ್ಲೇ ತಿಳಿದುಬಿಡುತ್ತದೆ. ಅಲೆಯ ಸದ್ದು ಸೇರುವ ಮುಂಚೆ ಇಷ್ಟು ತಿಳಿದಿರಬೇಕು.

ಕೊರಲ್ ಇಲ್ಲದ ಕಡೆ ಹೈಲೈನ್ ಕಟ್ಟುತ್ತೇವೆ. ಎರಡು ಗಟ್ಟಿ ಮರಗಳ ನಡುವೆ, ಕುದುರೆಯ ತಲೆಗಿಂತ ಮೇಲೆ, ಏಳು ಅಡಿಗೆ ಕಡಿಮೆಯಿಲ್ಲದಂತೆ, ಬಟ್ಟೆ ಒಣಗಿಸುವ ಹಗ್ಗದ ಹಾಗೆ ಬಿಗಿಯಾಗಿ ಎಳೆದು ಕಟ್ಟಿದ ಹಗ್ಗ ಅದು. ಮರದ ತೊಗಟೆಗೆ ನೇರ ಹಗ್ಗ ತಾಗಬಾರದು, ಅಗಲವಾದ ಪಟ್ಟಿ ಸುತ್ತಿ ಅದಕ್ಕೆ ಕಟ್ಟಬೇಕು. ಕುದುರೆಯನ್ನು ಮರದ ಬುಡದಿಂದ ದೂರ ಕಟ್ಟಬೇಕು, ಇಲ್ಲವಾದರೆ ಬೇಜಾರಿಗೆ ತೊಗಟೆ ತಿನ್ನುತ್ತದೆ, ಬೇರು ಕೆರೆಯುತ್ತದೆ. ಮೇಲಿನ ಹಗ್ಗದಿಂದ ಕುದುರೆಗೆ ಇಳಿಬಿಟ್ಟ ಹಗ್ಗದ ಉದ್ದವೇ ಮುಖ್ಯ ಲೆಕ್ಕ. ತಲೆ ತಗ್ಗಿಸಿ ಹುಲ್ಲು ತಿನ್ನಲು ಸಾಕಾಗಬೇಕು, ಮುಂಗಾಲು ಸಿಕ್ಕಿಕೊಳ್ಳುವಷ್ಟು ಸಡಿಲ ಇರಬಾರದು. ಹಗ್ಗದ ತುದಿಯ ಕೊಕ್ಕೆ ನೆಲದಿಂದ ಎರಡು ಅಡಿ ಮೇಲೆ ತೂಗುವಂತೆ ನಾನು ಬಿಡುತ್ತೇನೆ. ಗಂಟು ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಗಂಟೇ ಆಗಿರಬೇಕು. ಕತ್ತಲಲ್ಲಿ, ಚಳಿಗೆ ಮರಗಟ್ಟಿದ ಬೆರಳಲ್ಲಿ, ಒದ್ದಾಡುವ ಕುದುರೆಯ ಪಕ್ಕ ನಿಂತು ಬಿಚ್ಚಲು ಬಾರದ ಗಂಟು ಗಂಟೇ ಅಲ್ಲ. ಇದನ್ನೆಲ್ಲ ಲಾಯದ ಅಂಗಳದಲ್ಲೇ ಕಟ್ಟಿ, ಒಂದು ಇಡೀ ರಾತ್ರಿ ಕುದುರೆಯನ್ನು ಅಲ್ಲೇ ಬಿಟ್ಟು ನೋಡಿದ ಮೇಲೆ ಹೊರಡುವುದು.

ಇನ್ನು ಹುಲ್ಲು. 500 ಕೆ.ಜಿ. ತೂಕದ ಕುದುರೆಗೆ ದಿನಕ್ಕೆ ಅದರ ತೂಕದ ನೂರಕ್ಕೆ ಎರಡು ಭಾಗ, ಅಂದರೆ ಸುಮಾರು 10 ಕೆ.ಜಿ. ಒಣಹುಲ್ಲು ಬೇಕು. ಎರಡು ಕುದುರೆ, ಎರಡು ರಾತ್ರಿ ಎಂದರೆ ಕಾರಿನ ಡಿಕ್ಕಿಯ ಮಾತೇ ಬೇಡ. ಮೈಸೂರಿನಿಂದ ಅಮ್ಮ ಫೋನಿನಲ್ಲಿ ಕೇಳುತ್ತಲೇ ಇರುತ್ತಾಳೆ: "ಅಷ್ಟು ದೊಡ್ಡ ಪ್ರಾಣಿಗೆ ಬರೀ ಹುಲ್ಲೇನೇ? ಒಂದು ಹಿಡಿ ಹುರುಳಿ ಬೇಯಿಸಿ ಹಾಕಬಾರದಾ?" ಹಾಕಬಹುದು, ಆದರೆ ಪ್ರವಾಸದಲ್ಲಿ ಅಲ್ಲ. ಕುದುರೆಯ ಹೊಟ್ಟೆಗೆ ಮೇವು ದಿಢೀರೆಂದು ಬದಲಾಗುವುದು ಆಗದು. ಅದಕ್ಕೇ ಕ್ಯಾಂಪಿಗೆ ಒಯ್ಯುವ ಹುಲ್ಲನ್ನು ಹತ್ತು ದಿನ ಮೊದಲಿನಿಂದಲೇ ಮನೆಯ ಹುಲ್ಲಿಗೆ ಸ್ವಲ್ಪ ಸ್ವಲ್ಪ ಬೆರೆಸುತ್ತಾ ಬರುತ್ತೇನೆ. ಒಯ್ಯುವುದು ಕಳೆಬೀಜ ಇಲ್ಲವೆಂದು ಪ್ರಮಾಣಪತ್ರ ಇರುವ ಹುಲ್ಲನ್ನೇ. ಆರೆಗನ್, ವಾಷಿಂಗ್ಟನ್‌ಗಳ ನ್ಯಾಷನಲ್ ಫಾರೆಸ್ಟ್‌ಗಳಲ್ಲಿ ಅದು ಕಡ್ಡಾಯ. ಕಡ್ಡಾಯವಲ್ಲದ ಕಡೆಯೂ ಒಳ್ಳೆಯದೇ, ಲದ್ದಿಯ ಮೂಲಕ ಕಾಡಿಗೆ ಹೊಸ ಕಳೆ ಬಿತ್ತಿ ಬರುವುದು ಯಾರಿಗೆ ಬೇಕು?

ಆ ಹುಲ್ಲನ್ನು ಮರಳಿನ ಮೇಲೆ ಸುರಿದರೆ ಕುದುರೆ ಪ್ರತಿ ಬಾಯಿಗೂ ಒಂದಿಷ್ಟು ಮರಳು ನುಂಗುತ್ತದೆ. ಮರಳು ಕರುಳಿನ ತಗ್ಗಿನಲ್ಲಿ ಕೂತು ಹೊಟ್ಟೆನೋವು ತರುತ್ತದೆ. ಕುದುರೆಯ ಹೊಟ್ಟೆನೋವೆಂದರೆ ನಮ್ಮ ಹೊಟ್ಟೆನೋವಲ್ಲ, ಜೀವಕ್ಕೇ ಬರುವ ಕಾಯಿಲೆ. ಹಲವರು ಇದಕ್ಕೆ ಇಸಬಗೋಲ್ ತಿನ್ನಿಸುತ್ತಾರೆ, ಇಲ್ಲಿ ಕುದುರೆಗೆಂದೇ ಬಕೆಟ್ ಬಕೆಟ್ ಮಾರುತ್ತಾರೆ. ನಾನೂ ಕೊಡುತ್ತೇನೆ. ಆದರೆ ಅದನ್ನೇ ನಂಬಿ ಕೂರುವುದಿಲ್ಲ, ಅದು ಎಷ್ಟು ಕೆಲಸ ಮಾಡುತ್ತದೆ ಎಂಬುದರಲ್ಲಿ ಪಶುವೈದ್ಯರಲ್ಲೇ ಒಮ್ಮತವಿಲ್ಲ. ಮರಳು ಒಳಗೆ ಹೋಗದಂತೆ ನೋಡಿಕೊಳ್ಳುವುದೇ ಲೇಸು. ಕೊರಲ್‌ನ ಮೂಲೆಯಲ್ಲಿ ದಪ್ಪ ರಬ್ಬರ್ ಚಾಪೆ, ಅದರ ಮೇಲೆ ಅಗಲ ಬಾಯಿಯ ಟಬ್, ಟಬ್ಬಿನೊಳಗೆ ಹುಲ್ಲಿನ ಬಲೆಚೀಲ. ಚಾಪೆಯ ಮೇಲೆ ಬಿದ್ದ ಎಸಳುಗಳನ್ನು ಕುದುರೆ ತುಟಿಯಲ್ಲೇ ಆರಿಸಿಕೊಂಡು ತಿನ್ನುತ್ತದೆ. ದಿನಕ್ಕೆರಡು ಸಲ ಪೊರಕೆಯಿಂದ ಚಾಪೆ ಗುಡಿಸುವುದು ಮಗಳ ಪಾಲಿನ ಕೆಲಸ. ಅವಳ ಅಪ್ಪ ಇದನ್ನೆಲ್ಲ ಕುರ್ಚಿಯಲ್ಲಿ ಕೂತು ನೋಡಿ, "ನಮ್ಮ ಅವಲಕ್ಕಿಗೆ ಒಂದು ತಟ್ಟೆ ಸಿಕ್ಕರೂ ಸಾಕಿತ್ತು ಕಣೇ" ಅನ್ನುತ್ತಾರೆ.

ನೀರಿನದು ಇನ್ನೊಂದು ರಾಮಾಯಣ. ದಿನಕ್ಕೆ 20ರಿಂದ 40 ಲೀಟರ್ ಕುಡಿಯುವ ಪ್ರಾಣಿ, ರುಚಿ ಬೇರೆಯಾದರೆ ಮೂಸಿ ನೋಡಿ ಮುಖ ತಿರುಗಿಸುತ್ತದೆ. ಮೇಪಲ್ ಅಂತೂ ಮೊದಲ ಸಂಜೆ ಬಕೆಟ್‌ನಲ್ಲಿ ಮೂತಿ ಅದ್ದಿ, ಮೇಲಿನ ತುಟಿ ಆಡಿಸಿ, ಹನಿ ತೊಟ್ಟಿಕ್ಕಿಸುತ್ತಾ ನನ್ನನ್ನೇ ನೋಡುತ್ತಾಳೆ, ಒಂದು ಗುಟುಕೂ ಒಳಗೆ ಹೋಗಿರುವುದಿಲ್ಲ. ಇದಕ್ಕೆ ನನ್ನ ಉಪಾಯ ಬೀಟ್ ಹಿಂಡಿ. ಸಕ್ಕರೆ ತೆಗೆದ ಬೀಟಿನ ಒಣ ನಾರು ಅದು, ಮೇವಿನಂಗಡಿಯಲ್ಲಿ ಸಿಗುತ್ತದೆ. ಒಂದು ಬೊಗಸೆಯನ್ನು ಅರ್ಧ ಬಕೆಟ್ ನೀರಿನಲ್ಲಿ ಒಂದೆರಡು ತಾಸು ನೆನೆಹಾಕಿದರೆ ನೀರು ಕಂದಾಗಿ ಸಿಹಿವಾಸನೆ ಬರುತ್ತದೆ. ಮನೆಯಲ್ಲೂ ವಾರ ಮೊದಲಿನಿಂದ ಅದನ್ನೇ ರೂಢಿ ಮಾಡಿಸಿರುತ್ತೇನೆ. ಆಗ ನೀರು ಯಾವ ಊರಿನದಾದರೂ ರುಚಿ ಅದೇ. ಮೊದಲ ರಾತ್ರಿಗೆ ಸಾಲುವಷ್ಟು ಮನೆ ನೀರನ್ನೂ ಕ್ಯಾನುಗಳಲ್ಲಿ ತುಂಬಿಕೊಂಡೇ ಹೋಗುತ್ತೇವೆ.

ಮಲಗುವ ಮುಂಚೆ ಪಕ್ಕೆಗೆ ಕಿವಿ ಇಟ್ಟು ಕೇಳುವುದು ನಾನು ಎಂದೂ ತಪ್ಪಿಸದ ಕೆಲಸ. ಕೊನೆಯ ಪಕ್ಕೆಲುಬಿನ ಹಿಂದೆ, ಹೊಟ್ಟೆಯ ಮೇಲ್ಭಾಗದಲ್ಲಿ ಒಮ್ಮೆ, ಕೆಳಗೆ ಒಮ್ಮೆ, ಎರಡೂ ಬದಿ. ಗುಡುಗುಡು, ಗೊಳಗೊಳ ಸದ್ದು ನಿಮಿಷದೊಳಗೆ ಕೇಳಿಸಿದರೆ ಕರುಳು ಓಡುತ್ತಿದೆ. ಸದ್ದೇ ಇಲ್ಲದಿದ್ದರೆ, ಹುಲ್ಲು ಮುಟ್ಟದಿದ್ದರೆ, ತಿರುಗಿ ತಿರುಗಿ ತನ್ನ ಪಕ್ಕೆ ನೋಡಿಕೊಂಡರೆ, ವೈದ್ಯರಿಗೆ ಫೋನು. ಸುಮ್ಮನಿರುವಾಗ ನಾಡಿ ನಿಮಿಷಕ್ಕೆ ಸುಮಾರು 28ರಿಂದ 44 ಇರಬೇಕು. ನಮ್ಮ ಕುದುರೆಗಳದ್ದು ಮನೆಯಲ್ಲಿ ಎಷ್ಟಿರುತ್ತದೆಂದು ಕುದುರೆ ಸಾಗಿಸುವ ಟ್ರೈಲರ್‌ನ ಬಾಗಿಲ ಒಳಗೆ ಬರೆದು ಅಂಟಿಸಿದೆ. ಆ ಭಾಗದ ದೊಡ್ಡ ಪ್ರಾಣಿಗಳ ವೈದ್ಯರ ನಂಬರೂ ಅದರ ಕೆಳಗಿದೆ.

ಕಡಲು ಮೊದಲ ಸಲ ಕಂಡ ಕುದುರೆಗೆ ತೊಂದರೆ ಕೊಡುವುದು ಅಲೆಯ ಅಬ್ಬರಕ್ಕಿಂತ ಹಿಂದೆ ಸರಿಯುವ ನೀರು. ಕಾಲಬಳಿ ನೊರೆ ಹಿಂದಕ್ಕೆ ಜಾರಿದಾಗ ನೆಲವೇ ಜಾರುತ್ತಿದೆ ಅನ್ನಿಸುತ್ತದೋ ಏನೋ, ಕುದುರೆ ಅಡ್ಡಡ್ಡ ಹೆಜ್ಜೆ ಹಾಕಿ ನೀರಿನ ಕಡೆಗೇ ತೂರಾಡುತ್ತದೆ. ಹಾಗಾಗಿ ಮೊದಲ ದಿನ ಹತ್ತುವುದಿಲ್ಲ, ಲಗಾಮು ಹಿಡಿದು ನಡೆಸುತ್ತೇವೆ. ಹ್ಯಾಂಕ್ ಸಮುದ್ರದ ಬದಿ, ಮೇಪಲ್ ದಡದ ಬದಿ. ನೇರ ನೀರಿಗೆ ಮುಖ ಮಾಡಿಸುವುದಿಲ್ಲ, ದಂಡೆಗುಂಟ ಓರೆಯಾಗಿ ಹತ್ತಿರವಾಗುತ್ತಾ ಹೋಗುವುದು. ಮೊದಲು ಒದ್ದೆಮರಳಿನಲ್ಲಿ ನಿಂತು ಹುಲ್ಲು ತಿನ್ನಿಸಿದ್ದೂ ಉಂಟು. ಗೊರಸಿಗೆ ನೀರು ಮುಟ್ಟಿದರೆ ಆ ದಿನಕ್ಕೆ ಸಾಕು. ಮರುದಿನ ಜೀನು ಹಾಕಿ ಹತ್ತಿದರೆ ಅವಳೇ ನೀರು ಒದ್ದು ಆಡುತ್ತಾಳೆ.

ಹೊರಡುವ ಹೊತ್ತನ್ನು ನಿರ್ಧರಿಸುವುದು ಉಬ್ಬರವಿಳಿತದ ಪಟ್ಟಿ. ಇಳಿತದ ಹಿಂದೆಮುಂದೆ ಒದ್ದೆಮರಳು ಗಟ್ಟಿಯಾಗಿ ಅಗಲವಾಗಿ ಸಿಗುತ್ತದೆ, ಕುದುರೆ ಓಡಿಸಲು ಅದೇ ಜಾಗ. ಒಣಮರಳಿನಲ್ಲಿ ಓಡಿಸಿದರೆ ಕಾಲಿನ ಸ್ನಾಯುರಜ್ಜುಗಳು ಜಗ್ಗುತ್ತವೆ. ಕೊಲ್ಲಿಯ ಕಡೆಯ ಕೆಸರಿಗೆ ನಾನು ಇಳಿಸುವುದೇ ಇಲ್ಲ. ಆರೆಗನ್ ಕಡಲಲ್ಲಿ ಹೇಳದೆ ಕೇಳದೆ ಬರುವ ದೊಡ್ಡ ಅಲೆಗಳಿವೆ, ಅವು ದಡದ ಮರದ ದಿಮ್ಮಿಗಳನ್ನೂ ಎತ್ತಿ ಉರುಳಿಸುತ್ತವೆ. ದಿಮ್ಮಿಗಳ ಮಗ್ಗುಲಲ್ಲಿ ನಿಂತು ಫೋಟೊ ತೆಗೆಯುವುದು ನಮ್ಮಲ್ಲಿ ನಿಷಿದ್ಧ.

ಮಾರ್ಚ್ 15ರಿಂದ ಸೆಪ್ಟೆಂಬರ್ 15ರವರೆಗೆ ಸ್ನೋಯಿ ಪ್ಲವರ್ ಅನ್ನುವ ಪುಟ್ಟ ಹಕ್ಕಿಗಳು ಮೊಟ್ಟೆಯಿಡುವ ಕಾಲ. ಗೂಡೆಂದರೆ ಒಣಮರಳಿನಲ್ಲಿ ಒಂದು ಸಣ್ಣ ಗುಳಿ, ಮೊಟ್ಟೆಯ ಬಣ್ಣವೂ ಮರಳಿನದೇ. ಗೊರಸಿನಡಿ ಸಿಕ್ಕರೆ ಗೊತ್ತೂ ಆಗುವುದಿಲ್ಲ. 1993ರಿಂದ ಅಪಾಯದಲ್ಲಿರುವ ಹಕ್ಕಿಗಳ ಕೇಂದ್ರ ಪಟ್ಟಿಯಲ್ಲಿ ಇದರ ಹೆಸರಿದೆ. ಫಲಕ ಇರುವ ಕಡೆ ನಡೆಯುವವರೂ ಕುದುರೆಯವರೂ ಒದ್ದೆಮರಳಿನಲ್ಲೇ ಹೋಗಬೇಕು.

ಕಾಡುದಾರಿಯಲ್ಲಿ ಕುದುರೆ ಬಾಯಿ ಹಾಕದಂತೆ ನೋಡಿಕೊಳ್ಳುವುದೂ ಒಂದು ಕೆಲಸ. ಹಳದಿ ಹೂವಿನ ಟ್ಯಾನ್ಸಿ ರ‍್ಯಾಗ್‌ವರ್ಟ್ ಈ ಕರಾವಳಿಯಲ್ಲಿ ಬೇಕಾದಷ್ಟು, ಅದು ಯಕೃತ್ತನ್ನೇ ಕೆಡಿಸುತ್ತದೆ, ಒಣಗಿದರೂ ವಿಷ ಹೋಗುವುದಿಲ್ಲ. ಫಾಕ್ಸ್‌ಗ್ಲವ್, ರೋಡೊಡೆಂಡ್ರನ್ ಕೂಡ ಹಾಗೆಯೇ ಮುಟ್ಟಬಾರದವು. ಸವಾರಿಯಲ್ಲಿ ಮೇಯಿಸುವ ಅಭ್ಯಾಸವನ್ನೇ ಬೆಳೆಸದಿರುವುದು ಸುಲಭ.

ರಾತ್ರಿ ಎಲ್ಕ್ ಅನ್ನುವ ದೊಡ್ಡ ಜಿಂಕೆಗಳ ಹಿಂಡು ಬರುವುದುಂಟು. ಕುದುರೆಗಳು ಎರಡೂ ಕಿವಿ ಒಂದೇ ದಿಕ್ಕಿಗೆ ನೆಟ್ಟು ಸೀನಿದಂತೆ ಉಸಿರು ಬಿಟ್ಟರೆ ಎದ್ದು ಟಾರ್ಚ್ ಹಾಕಿ ಮಾತಾಡಿಸುತ್ತೇನೆ, ಅಷ್ಟೇ ಸಾಕು. ಹಿಂಡಿ, ಹುಲ್ಲಿನ ಉಂಡೆ, ನಮ್ಮ ಚಿತ್ರಾನ್ನದ ಡಬ್ಬಿ ಎಲ್ಲವೂ ರಾತ್ರಿ ಗಾಡಿಯೊಳಗೆ, ಬೀಗದಲ್ಲಿ. ಇದು ಸುನಾಮಿ ಪ್ರದೇಶವೂ ಹೌದು, 1700ರ ಜನವರಿಯಲ್ಲಿ ಈ ಕರಾವಳಿಯುದ್ದಕ್ಕೂ ಮಹಾಭೂಕಂಪವಾಗಿತ್ತು. ಎತ್ತರದ ಜಾಗಕ್ಕೆ ಹೋಗುವ ದಾರಿಯನ್ನು ಬಂದ ಸಂಜೆಯೇ ಒಮ್ಮೆ ನಡೆದು ನೋಡುತ್ತೇವೆ. ನೆಲ ನಡುಗಿದರೆ ಟ್ರೈಲರ್ ಹತ್ತಿಸುತ್ತಾ ಕೂರುವುದಿಲ್ಲ. ಕುದುರೆಯ ತಲೆಗೆ ಹಾಕುವ ಹಾಲ್ಟರ್ ಪಟ್ಟಿ ಕೈಗೆ ಸಿಕ್ಕರೆ ಕುದುರೆಯೂ ಜೊತೆಗೆ, ಸಿಗದಿದ್ದರೆ ಕೊರಲ್‌ನ ಬಾಗಿಲು ತೆರೆದಿಟ್ಟು ನಾವು ನಡೆಯುವುದು ಎಂದು ಮಗಳಿಗೂ ಹೇಳಿದ್ದೇವೆ. ಅವಳಿಗೆ ಇದು ಇಷ್ಟವಿಲ್ಲ. ಆದರೆ ಈ ಒಂದರಲ್ಲಿ ಅವಳ ಮಾತು ನಡೆಯುವುದಿಲ್ಲ.

ಹೊರಡುವ ದಿನ ಕೊರಲ್‌ನ ಲದ್ದಿಯನ್ನೆಲ್ಲ ಬಾಚಿ, ಉದುರಿದ ಹುಲ್ಲನ್ನೂ ಎತ್ತುತ್ತೇವೆ. ಮನೆಗೆ ಬಂದರೆ ಉಪ್ಪಿನ ಕೆಲಸ: ಕುದುರೆಯ ಕಾಲು, ಹೊಟ್ಟೆ, ಜೀನಿನ ಪಟ್ಟಿ, ಬಕಲ್, ಟ್ರೈಲರ್ ಚಕ್ರ ಎಲ್ಲವನ್ನೂ ಸಿಹಿನೀರಿನಲ್ಲಿ ತೊಳೆಯಬೇಕು. ಹೊಟ್ಟೆಪಟ್ಟಿಯ ಕೆಳಗೆ ಉಳಿದ ನಾಲ್ಕು ಕಣ ಮರಳು ಮುಂದಿನ ಸವಾರಿಯಲ್ಲಿ ಚರ್ಮ ಉಜ್ಜಿ ಗಾಯ ಮಾಡುತ್ತದೆ. ಆಮೇಲಿನ ಕೆಲವು ದಿನ ಲದ್ದಿ ಪರೀಕ್ಷೆ. ನೆಲಕ್ಕೆ ತಾಗದ ಮೇಲಿನ ಉಂಡೆಗಳನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ನೀರು ತುಂಬಿ ಕದಡಿ, ಒಂದು ಮೂಲೆ ಕೆಳಗಾಗುವಂತೆ ತೂಗುಹಾಕುತ್ತೇನೆ. ಕಾಲು ಗಂಟೆ ಬಿಟ್ಟು ಆ ಮೂಲೆಯನ್ನು ಬೆರಳಿನಿಂದ ಹಿಸುಕಿ ನೋಡಿದರೆ ಮರಳಿದ್ದರೆ ಗರಗರ ಎನ್ನುತ್ತದೆ. ಚಿಟಿಕೆಯಷ್ಟಿದ್ದರೆ ಹುಲ್ಲು ಧಾರಾಳವಾಗಿ ಹಾಕಿ ಮತ್ತೆ ನೋಡುತ್ತೇನೆ. ಚಮಚದಷ್ಟಿದ್ದರೆ ಮಾತ್ರ ವೈದ್ಯರನ್ನು ಕೇಳುವುದು. ಚೀಲದಲ್ಲಿ ಏನೂ ಕಾಣಲಿಲ್ಲ ಎಂದ ಮಾತ್ರಕ್ಕೆ ಕರುಳಿನಲ್ಲಿ ಇಲ್ಲವೆಂದು ಹೇಳಲಾಗದು, ಹಾಗಾಗಿ ಒಂದು ವಾರ ಪಕ್ಕೆಗೆ ಕಿವಿ ಇಡುವುದನ್ನೂ ನಿಲ್ಲಿಸುವುದಿಲ್ಲ.