ಹೊಲಿಗೆ ಮಿಷಿನ್ ಕೊಟ್ಟ ಮಿಷನ್‌ನವರು

ಆ ಊರಿನ ಮಕ್ಕಳ ಬಾಯಲ್ಲಿ ನಾವು ‘ಮಿಷಿನ್‌ನವರು’. ನಾವು ಹೇಳಿಕೊಂಡಿದ್ದು ಮಿಷನ್‌ನವರು, ಅಂದರೆ ಕ್ರೈಸ್ತ ಸೇವಾ ಸಂಸ್ಥೆಯವರು ಅಂತ. ಅವರ ಕಿವಿಗೆ ಬಿದ್ದದ್ದು ಹೀಗೆ. ತಪ್ಪೇನಿಲ್ಲ ಬಿಡಿ, ಮೊದಲ ಸಲ ಹೋದಾಗ ನಾವು ಕೊಟ್ಟು ಬಂದದ್ದು 12 ಹೊಲಿಗೆ ಮಿಷಿನ್‌ಗಳನ್ನೇ.

ವರ್ಷ ಕಳೆದು ಮತ್ತೆ ಹೋದೆ. ಚರ್ಚಿನ ಹಿಂದಿನ ಕೋಣೆಯಲ್ಲಿ ಹನ್ನೆರಡೂ ಸಾಲಾಗಿ ನಿಂತಿದ್ದವು. ಮೇಲೆ ಬಿಳಿ ಬಟ್ಟೆ ಹೊದಿಸಿದ್ದರು. ಒಂದರ ಮೇಲೆ ಹಾಡಿನ ಪುಸ್ತಕಗಳ ಕಟ್ಟು, ಇನ್ನೊಂದರ ಮೇಲೆ ಹೂದಾನಿ. ಚಕ್ರ ತಿರುಗಿಸಿ ನೋಡಿದೆ. ಅಲುಗಲಿಲ್ಲ, ತುಕ್ಕು ಹಿಡಿದಿತ್ತು. ಅಲ್ಲಿದ್ದ ಹಿರಿಯಮ್ಮ ಒಬ್ಬರು, “ಜೋಪಾನವಾಗಿ ಇಟ್ಟಿದ್ದೀವಿ ನೋಡಪ್ಪ, ಧೂಳು ಕೂರದ ಹಾಗೆ” ಎಂದರು. ಅವರ ದನಿಯಲ್ಲಿ ಕುಹಕ ಇರಲಿಲ್ಲ. ಅದೇ ನನಗೆ ಜಾಸ್ತಿ ಚುಚ್ಚಿತು.

“ಹೊಲಿಗೆ ಕಲಿಯೋಕೆ ಯಾರೂ ಬರಲಿಲ್ವಾ ಅಮ್ಮ?”

“ಬಂದ್ರು. ಕಲಿತು ಹೊಲಿದದ್ದನ್ನ ಯಾರು ಕೊಳ್ಳೋರು? ಎಲ್ಲರೂ ರೆಡಿಮೇಡೇ ಹಾಕ್ಕೊಳ್ಳೋದು.”

“ಆವತ್ತೇ ಹೇಳಬಹುದಿತ್ತಲ್ಲಮ್ಮ.”

“ನೀವು ಕೇಳಲಿಲ್ಲವಲ್ಲ. ಅಷ್ಟು ದೂರದಿಂದ ಹೊತ್ತು ತಂದಿದ್ರಿ. ಬೇಡ ಅನ್ನೋಕೆ ಮನಸ್ಸು ಬರಲಿಲ್ಲ.”

ಅವರು ನಮ್ಮ ಮೇಲೆ ಕನಿಕರ ಪಟ್ಟು ಮಿಷಿನ್ ಇಸಿದುಕೊಂಡಿದ್ದರು! ನಾವೋ, ನಾವೇ ಉಪಕಾರ ಮಾಡಿದೆವು ಅಂದುಕೊಂಡು ವಾಪಸ್ ಬಂದಿದ್ದೆವು.

ಇದು ನಮ್ಮೊಬ್ಬರದೇ ಕಥೆಯಲ್ಲ. 1910ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಪ್ರೊಟೆಸ್ಟಂಟ್ ಮಿಷನ್‌ಗಳ ಜಾಗತಿಕ ಸಮ್ಮೇಳನ ನಡೆದಿತ್ತು. 1,200ಕ್ಕೂ ಹೆಚ್ಚು ಪ್ರತಿನಿಧಿಗಳಲ್ಲಿ ಏಷ್ಯಾದವರು 20 ಜನವೂ ಇರಲಿಲ್ಲ. ಅವರಲ್ಲಿ ಒಬ್ಬರು ವಿ. ಎಸ್. ಅಜರಯ್ಯ. ಎರಡು ವರ್ಷದ ನಂತರ ಆಂಗ್ಲಿಕನ್ (ಇಂಗ್ಲೆಂಡ್ ಮೂಲದ) ಚರ್ಚಿನ ಮೊದಲ ಭಾರತೀಯ ಬಿಷಪ್ ಆದರು. ನೀವು ದಾನ ಮಾಡಿದಿರಿ, ಪ್ರಾಣವನ್ನೂ ಕೊಟ್ಟಿರಿ, ಅದಕ್ಕೆ ಋಣಿಗಳು, ಆದರೆ ನಮಗೆ ಪ್ರೀತಿಯೂ ಬೇಕು, ಸ್ನೇಹಿತರನ್ನು ಕೊಡಿ ಎಂದು ಅಷ್ಟು ದೊಡ್ಡ ಸಭೆಯ ಮುಂದೆ ಕೇಳಿದರು. ಕೆಲವರಿಗೆ ಅದು ಹಿಡಿಸಲಿಲ್ಲ. ಈ ಸಂಗತಿಯನ್ನು ನಾನು ಬೈಬಲ್ ಕಾಲೇಜಿನ ಪರೀಕ್ಷೆಯಲ್ಲಿ ಬರೆದು ಒಳ್ಳೆ ಅಂಕ ತಗೊಂಡಿದ್ದೆ. ಅರ್ಥ ಆದದ್ದು ಮಾತ್ರ ಆ ತುಕ್ಕು ಹಿಡಿದ ಚಕ್ರ ಮುಟ್ಟಿದಾಗ.

ಮುಂದಿನ ಸಲ ಇಬ್ಬರೇ ಹೋದೆವು. ಏನನ್ನೂ ಒಯ್ಯಲಿಲ್ಲ. ಬೈಬಲ್ಲಿನ ಲೂಕನ ಪುಸ್ತಕದ 10ನೇ ಅಧ್ಯಾಯದಲ್ಲಿ ಯೇಸು ಶಿಷ್ಯರನ್ನು ಇಬ್ಬಿಬ್ಬರನ್ನಾಗಿ ಕಳಿಸುತ್ತಾನೆ. ಹಣದ ಚೀಲ ಬೇಡ, ಒಂದೇ ಮನೆಯಲ್ಲಿ ಇರಿ, ಮನೆಯಿಂದ ಮನೆಗೆ ಹೋಗಬೇಡಿ ಎನ್ನುತ್ತಾನೆ. ಎಷ್ಟೋ ಸಲ ಓದಿದ ಮಾತು. ಆದರೆ ಕೈಯಲ್ಲಿ ಏನೂ ಇಲ್ಲದೆ ಇನ್ನೊಬ್ಬರ ಮನೆ ಬಾಗಿಲಲ್ಲಿ ನಿಂತು ನೋಡಿ, ಎಷ್ಟು ಮುಜುಗರ ಅಂತ ಗೊತ್ತಾಗುತ್ತದೆ. ಕೊಡುವವನಾಗಿ ಹೋಗುವುದು ಸುಲಭ. ಅತಿಥಿಯಾಗಿ ಹೋದರೆ ಮನೆಯವರು ಹೇಳಿದ ಕಡೆ ಕೂರಬೇಕು.

ಆರು ವಾರ ಇದ್ದೆವು. ಸಭಾಪಾಲಕರು, ಅಂದರೆ ಆ ಚರ್ಚಿನ ಪಾಸ್ಟರ್, ಹೋದ ಕಡೆ ಹಿಂದೆ ಹೋಗುವುದು, ಸುಮ್ನೆ ಕೂತು ಕೇಳುವುದು, ಅಷ್ಟೇ ಕೆಲಸ. ಮೂರನೇ ವಾರಕ್ಕೆ ಒಂದು ವಿಷಯ ಕಣ್ಣಿಗೆ ಬಿತ್ತು. ಭಾನುವಾರ ಆರಾಧನೆ ಮುಗಿದ ಮೇಲೆ ಮಹಿಳಾ ಕೂಟದ ನಾಲ್ಕೈದು ಜನ ಮನೆಗೆ ಹೋಗುತ್ತಿರಲಿಲ್ಲ. ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಬರುತ್ತಿದ್ದರು. ತಲೆ ಬಾಚುವುದು, ಬಟ್ಟೆ ಬದಲಿಸುವುದು, ಒಂದಿಷ್ಟು ಹೊತ್ತು ಮಾತಾಡುವುದು. ಇದಕ್ಕೆ ಹೆಸರಿರಲಿಲ್ಲ, ಬೋರ್ಡೂ ಇರಲಿಲ್ಲ. ಎಷ್ಟು ವರ್ಷದಿಂದ ಮಾಡ್ತಿದ್ದೀರಿ ಅಂದರೆ, “ನಮ್ಮತ್ತೆ ಕಾಲದಿಂದಲೂ ಉಂಟು” ಎಂದರು.

“ಇದರಲ್ಲಿ ನಿಮಗೆ ಕಷ್ಟ ಆಗೋದು ಏನು?” ಎಂದು ಕೇಳಿದೆ. ಇಷ್ಟು ವರ್ಷದಲ್ಲಿ ನಾನು ಕೇಳಿದ ಮೊದಲ ಸರಿಯಾದ ಪ್ರಶ್ನೆ ಅದೇ ಇರಬೇಕು. ಉತ್ತರ ತಕ್ಷಣ ಬಂತು: “ಮಲಗಿದ್ದೇ ಮಲಗಿದ್ದು ಆಗೋ ಬೆನ್ನು ಹುಣ್ಣು. ಹೇಗೆ ಆರಿಸೋದೋ ಗೊತ್ತಿಲ್ಲ.”

ಅಲ್ಲಿಂದ ಕೆಲಸ ಶುರುವಾಯಿತು. ನಮ್ಮ ಕಡೆಯಿಂದ ಬಂದದ್ದು ಒಬ್ಬ ನರ್ಸ್, ಹತ್ತು ದಿನಕ್ಕೆ. ಕಲಿಯುವವರನ್ನು ಆರಿಸಿದ್ದು ಸಭೆಯ, ಅಂದರೆ ಆ ಚರ್ಚಿನವರ, ಹಿರಿಯರು. ಹತ್ತು ಜನರಲ್ಲಿ ಇಬ್ಬರು ಚರ್ಚಿಗೆ ಬರುವವರೇ ಅಲ್ಲ. ಒಬ್ಬರು ನಿವೃತ್ತ ಮೇಷ್ಟ್ರು, ಇನ್ನೊಬ್ಬಳು ಹಾಸಿಗೆ ಹಿಡಿದ ತಾಯಿಯನ್ನು ಒಬ್ಬಳೇ ನೋಡಿಕೊಳ್ಳುತ್ತಿದ್ದ ಹುಡುಗಿ. ನನ್ನ ಪಟ್ಟಿಯಲ್ಲಾಗಿದ್ದರೆ ಇಬ್ಬರ ಹೆಸರೂ ಇರುತ್ತಿರಲಿಲ್ಲ.

ನರ್ಸ್ ಮೊದಲ ದಿನ ಪಾಠ ಮಾಡಲಿಲ್ಲ. ಚಾಪೆಯ ಮೇಲೆ ನನ್ನನ್ನೇ ಮಲಗಿಸಿದರು. ಒಂದು ದುಪ್ಪಟಿಯನ್ನು ಎರಡು ಮಡಿಕೆ ಮಾಡಿ, ಹೆಗಲಿನಿಂದ ತೊಡೆಯವರೆಗೆ ಬರುವ ಹಾಗೆ ನನ್ನ ಕೆಳಗೆ ಹಾಸಿದರು. ಆ ಕಡೆ ಒಬ್ಬರು, ಈ ಕಡೆ ಒಬ್ಬರು. ಅಂಚನ್ನು ಮೈ ಹತ್ತಿರಕ್ಕೆ ಸುರುಳಿ ಸುತ್ತಿ ಹಿಡಿದು, ಒಂದೇ ಸಲಕ್ಕೆ ಎತ್ತಿ ಸರಿಸಬೇಕು. “ಎಳೀಬೇಡಿ, ಎತ್ತಿ! ಎಳೆದ್ರೆ ಚರ್ಮ ಕಿತ್ತು ಬರುತ್ತೆ.” ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಬೇಕು. ಮೂಳೆ ಉಬ್ಬಿರುವ ಕಡೆ, ಅಂದರೆ ಸೊಂಟದ ಹಿಂದೆ, ಹಿಮ್ಮಡಿ, ಮೊಣಕೈಗಳಲ್ಲಿ ದಿನಾ ಕಣ್ಣಾಡಿಸಬೇಕು. ಚರ್ಮದ ಬಣ್ಣ ಬದಲಾಗಿ, ಒತ್ತಿದರೂ ಹಾಗೇ ಉಳಿದರೆ ಹುಣ್ಣು ಶುರುವಾಗುತ್ತಿದೆ ಅಂತ ಅರ್ಥ. ಹುಣ್ಣು ಆಳವಾದರೆ ಕಾಯದೆ ಆಸ್ಪತ್ರೆಗೆ. ಮೊದಲ ಸಲ ಎತ್ತುವಾಗ ಮೇಷ್ಟ್ರ ಕೈ ಜಾರಿ ನಾನು ದಬಕ್ಕನೆ ಬಿದ್ದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆವತ್ತಿನಿಂದ ನನ್ನ ಹತ್ತಿರ ಮಾತಾಡುವ ರೀತಿಯೇ ಬದಲಾಯಿತು.

ಒಪ್ಪಂದ ಅಂತ ಒಂದು ಹಾಳೆ ಬರೆದುಕೊಂಡೆವು. ಹಣ ಸಭೆಯ ಖಾತೆಗೇ ಬರಬೇಕು, ಖರ್ಚಿಗೆ ಹಿರಿಯರಲ್ಲಿ ಇಬ್ಬರ ಸಹಿ ಬೇಕು, ಲೆಕ್ಕವನ್ನು ತಿಂಗಳ ಮೊದಲ ಭಾನುವಾರ ಎಲ್ಲರ ಮುಂದೆ ಓದಬೇಕು. ನಮ್ಮ ಕಚೇರಿಯ ಲೆಕ್ಕವನ್ನೂ ಅಲ್ಲಿ ಓದಬೇಕು ಎಂದು ಸಭೆಯ ಖಜಾಂಚಿ ಸೇರಿಸಿದರು. ನನಗೆ ಇರುಸುಮುರುಸಾಯಿತು. ಆದರೆ ಬೈಬಲ್ಲಿನಲ್ಲಿ ಅಪೊಸ್ತಲ ಪೌಲ ಫಿಲಿಪ್ಪಿ ಊರಿನ ಸಭೆಯವರಿಗೆ ಬರೆಯುವುದೂ ‘ಕೊಡುವ ಕೊಳ್ಳುವ’ ವಿಷಯವನ್ನೇ ಅಲ್ವಾ, ಲೆಕ್ಕ ಎರಡೂ ಕಡೆಯದು. ಯಾರ ಮನೆಗೆ ಹೋದರೂ ಜಾತಿ ಧರ್ಮ ಕೇಳಬಾರದು, ಮನೆಯವರು ಬಯಸಿದರೆ ಮಾತ್ರ ಪ್ರಾರ್ಥನೆ ಎಂಬ ಸಾಲು ಸಭಾಪಾಲಕರದು. “ಕಷ್ಟದಲ್ಲಿ ಇರೋರ ಹತ್ತಿರ ವ್ಯಾಪಾರ ಮಾಡಬಾರದು ಬ್ರದರ್” ಎಂದರು. ಕೊನೆಯ ಸಾಲು ನಾವು ಬಿಟ್ಟು ಹೊರಡುವ ತಾರೀಖು. ಬಂದ ಹೊಸತರಲ್ಲೇ ಹೋಗುವ ದಿನ ಬರೆಯುವುದು ವಿಚಿತ್ರ ಅನ್ನಿಸಿತ್ತು. ಈಗ ಆ ಸಾಲು ಇಲ್ಲದೆ ಎಲ್ಲೂ ಕೆಲಸ ಶುರು ಮಾಡಲ್ಲ.

ಇಷ್ಟೆಲ್ಲ ಆದರೂ ನಾನು ಒಂದು ಎಡವಟ್ಟು ಮಾಡಿದೆ. ಮನೆ ಭೇಟಿಗೆ ಚೆನ್ನಾಗಿ ಓಡಾಡುತ್ತಿದ್ದ ಒಬ್ಬ ಹುಡುಗನಿಗೆ ಯಾರಿಗೂ ಹೇಳದೆ ಕೈಖರ್ಚಿಗೆ ಅಂತ ಹಣ ಕೊಟ್ಟೆ. ಪ್ರೀತಿಯಿಂದಲೇ ಕೊಟ್ಟಿದ್ದು. ಎರಡು ವಾರದಲ್ಲಿ ಊರಿಗೆಲ್ಲ ಗೊತ್ತಾಯಿತು. ಅದುವರೆಗೆ ತಾವಾಗಿ ಬರುತ್ತಿದ್ದ ಆರು ಜನ ನಿಂತುಬಿಟ್ಟರು. ಅವರು ಹಣ ಕೇಳಲಿಲ್ಲ. ತಾವು ಮಾಡುತ್ತಿದ್ದದ್ದು ಸೇವೆ ಅಂದುಕೊಂಡಿದ್ದರು, ನಾನು ಅದನ್ನು ಕೂಲಿ ಮಾಡಿದ್ದೆ. ಚೀನಾದಲ್ಲಿ ಕೆಲಸ ಮಾಡಿದ ಅಮೆರಿಕದ ಮಿಷನರಿ ಜಾನ್ ನೀವಿಯಸ್ 1890ರಲ್ಲೇ ಕೊರಿಯಾಗೆ ಹೋಗಿ ಅಲ್ಲಿನ ಮಿಷನರಿಗಳಿಗೆ ಇದನ್ನೇ ಹೇಳಿದ್ದರು: ಹೊರಗಿನ ಹಣದಿಂದ ಸಂಬಳ ಕೊಡಬೇಡಿ, ಸಭೆ ತನ್ನ ಕಾಲ ಮೇಲೆ ನಿಲ್ಲಲಿ ಎಂದು. ಓದಿ ಗೊತ್ತಿದ್ದೂ ಬಿದ್ದೆ. ಹಿರಿಯರ ಕೂಟದಲ್ಲಿ ಎದ್ದು ನಿಂತು ತಪ್ಪಾಯಿತು ಎಂದೆ. ಯಾರೂ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಖಜಾಂಚಿ, “ಬಸ್ ಚಾರ್ಜ್ ಕಾಣಿಕೆಯಿಂದ ಕೊಡೋಣ, ಹೋಗುವ ಎಲ್ಲರಿಗೂ” ಎಂದರು. ನಾಲ್ಕು ಜನ ವಾಪಸ್ ಬಂದರು. ಇಬ್ಬರು ಬರಲೇ ಇಲ್ಲ.

ಫೋಟೋ ವಿಷಯದಲ್ಲೂ ಜಗಳವಾಯಿತು. ಹಣ ಕೊಡುವವರಿಗೆ ಫೋಟೋ ಬೇಕು, ಸಂಖ್ಯೆ ಬೇಕು. ಹಾಸಿಗೆಯಲ್ಲಿದ್ದ ಅಜ್ಜಿಯೊಬ್ಬರ ಫೋಟೋ ತೆಗೆದು ವರದಿಯಲ್ಲಿ ಹಾಕಿದ್ದೆ. ಮೊಮ್ಮಗಳು ಫೋನ್ ಮಾಡಿ, “ನಮ್ಮಜ್ಜಿ ಸೆರಗು ಸರಿ ಮಾಡ್ಕೊಳ್ಳದೆ ಯಾರ ಮುಂದೆಯೂ ಕೂತವರಲ್ಲ” ಎಂದಳು. ವರದಿಯಿಂದ ಅದನ್ನು ತೆಗೆದುಹಾಕಿಸಿದೆ. ಈಗ ವರದಿಯಲ್ಲಿ ಹಾಕುವ ಪ್ರತಿ ಸಾಲನ್ನೂ ಮೊದಲು ಸಭೆಯಲ್ಲಿ ಓದುತ್ತೇವೆ. ವರದಿ ಚಿಕ್ಕದಾಗಿದೆ. ಹಣವೂ ಸ್ವಲ್ಪ ಕಡಿಮೆಯಾಗಿದೆ.

ಬರೆದ ತಾರೀಖಿಗೆ ಹೊರಟೆವು. ಹತ್ತು ತಿಂಗಳ ಮೇಲೆ ನೋಡಿಕೊಂಡು ಬರೋಣ ಅಂತ ಹೋದೆ. ನಾನು ಕಷ್ಟಪಟ್ಟು ಮಾಡಿಕೊಟ್ಟ ಭೇಟಿಯ ಫಾರಂ ಎಲ್ಲೂ ಕಾಣಲಿಲ್ಲ. ಬದಲಿಗೆ ಸ್ಕೂಲ್ ನೋಟ್‌ಬುಕ್ಕಿನಲ್ಲಿ ಮನೆಗೊಂದು ಪುಟ, ಮಗ್ಗಲು ಬದಲಿಸಿದ ಹೊತ್ತಿಗೆ ಒಂದೊಂದು ಗೀಟು. ಓದು ಬರದವರೂ ಗೀಟು ಎಳೆಯಬಹುದು. ಆ ಕೋಣೆಯಲ್ಲಿ ಹೊಲಿಗೆ ಮಿಷಿನ್‌ಗಳೂ ಇರಲಿಲ್ಲ. ಹಿರಿಯರು ಎಂಟನ್ನು ರಿಪೇರಿ ಮಾಡಿಸಿ ಬೇಕಾದವರಿಗೆ ಕೊಟ್ಟಿದ್ದರು, ಉಳಿದದ್ದು ಗುಜರಿಗೆ. ನಮ್ಮನ್ನು ಕೇಳಿರಲಿಲ್ಲ.

ಇನ್ನೊಂದು ಸಂಗತಿ ವಾಪಸ್ ಬರುವಾಗ ಬಸ್ಸಿನಲ್ಲಿ ಪಕ್ಕ ಕೂತವರಿಂದ ಗೊತ್ತಾಯಿತು. ಮೇಷ್ಟ್ರು ಮತ್ತು ಆ ಹುಡುಗಿ ಪಕ್ಕದ ಊರಿನ ಸಭೆಗೆ ಹೋಗಿ ದುಪ್ಪಟಿ ಹಿಡಿಯುವುದನ್ನು ಕಲಿಸುತ್ತಿದ್ದಾರಂತೆ, ಆಗಲೇ ಎರಡು ತಿಂಗಳಾಯಿತಂತೆ. ಮೂರು ದಿನ ಅವರ ಜೊತೆಗೇ ಇದ್ದೆ, ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ಸ್ವಲ್ಪ ಬೇಜಾರಾಯಿತು.